ಸಾಯಬೇಕಾಗಿದ್ದ ಮೂರನೇ ಪ್ಲೇಟು

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಚಿಕ್ಕಮ್ಮ ಆಗಿದ್ದದ್ದು ಒಬ್ಬಳಿಗೆ ಮಾತ್ರ, ತನ್ನ ಅಕ್ಕನ ಮಗಳಿಗೆ. ಆ ಹುಡುಗಿ ಆರು ವರ್ಷದ ಹಿಂದೆ ಪಿಎಚ್‌ಡಿ ಮಾಡಲು ಅಲ್ಲಿಗೆ ಸೇರಿದವಳು ಮೊದಲ ದಿನವೇ ಕಾರಿಡಾರಿನ ಆ ತುದಿಯಿಂದ "ಚಿಕ್ಕಮ್ಮಾ, ನನ್ನ ಕೋಟು ಎಲ್ಲಿಟ್ಟೆ?" ಎಂದು ಕೂಗಿದ್ದಳು. ಅಷ್ಟೇ ಸಾಕಾಯಿತು. ಗಾಜಿನ ಸಾಮಾನು ತೊಳೆಯುವವರಿಂದ ಹಿಡಿದು ಪ್ರೊಫೆಸರರ ತನಕ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಪ್ರೊಫೆಸರರು ಅವಳಿಗಿಂತ ಹನ್ನೆರಡು ವರ್ಷ ದೊಡ್ಡವರು. ಆದರೂ ಅವರು "ಚಿಕ್ಕಮ್ಮನವರೇ" ಎಂದು ಕರೆಯುವಾಗ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಅವಳ ಕೆಲಸ ಜೀವಕೋಶಗಳನ್ನು ಸಾಕುವುದು. ಇಲಿಯ ಯಕೃತ್ತಿನಿಂದ ಯಾವ ಕಾಲದಲ್ಲೋ ತೆಗೆದ ಕೋಶಗಳ ಸಂತಾನ, ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟುಗಳಲ್ಲಿ, ಗುಲಾಬಿ ಬಣ್ಣದ ದ್ರವದ ಅಡಿಯಲ್ಲಿ ಬೆಳೆಯುತ್ತಿತ್ತು. ಎರಡು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಜಾಗ ಸಾಲದೆ ಒತ್ತೊತ್ತಾಗಿ ಕೂತ ಕೋಶಗಳನ್ನು ಬಿಡಿಸಿ ಬೇರೆ ಪ್ಲೇಟಿಗೆ ಸಾಗಿಸಬೇಕು. ಇಪ್ಪತ್ತೆರಡು ವರ್ಷದಿಂದ, ಭಾನುವಾರವೆನ್ನದೆ ಅವಳು ಇದನ್ನು ಮಾಡಿಕೊಂಡು ಬಂದಿದ್ದಳು. ದ್ರವ ಅಳೆದು ಹಾಕುವ ಪಿಪೆಟ್ ಅವಳು ಹಿಡಿದರೆ ಒಂದು ಹನಿ ಅತ್ತಿತ್ತ ಆಗುತ್ತಿರಲಿಲ್ಲ. ಒಂದೇ ಒಂದು ತೊಂದರೆ ಎಂದರೆ ತುಂಬ ಖುಷಿಯಾದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನಗು ಹೆಚ್ಚಾದರೆ ಬಿಕ್ಕಳಿಕೆ ಹತ್ತುತ್ತಿತ್ತು. ಬಿಕ್ಕಳಿಕೆ ಹತ್ತಿದ ಮೇಲೆ ಪಿಪೆಟ್ ಮುಟ್ಟುವಂತಿರಲಿಲ್ಲ.

ಅಕ್ಕನ ಮಗಳನ್ನು ಮನೆಯಲ್ಲಿ ಸಾಸಿವೆ ಎನ್ನುತ್ತಿದ್ದರು. ಆಳು ಚಿಕ್ಕದು, ಸ್ವಲ್ಪ ಕಾವು ತಗುಲಿದರೂ ಸಿಡಿಯುವವಳು. ಅವಳ ಆರು ವರ್ಷದ ದುಡಿಮೆಯೆಲ್ಲ ಕೋಎನ್‌ಜೈಮ್ ಎ ಎಂಬ ಒಂದು ಅಣುವಿನ ಸುತ್ತ ಸುತ್ತಿತ್ತು. ತಿಂದದ್ದನ್ನು ಶಕ್ತಿಯಾಗಿ ಮಾಡುವ ಕೆಲಸದಲ್ಲಿ ಅದಿಲ್ಲದೆ ಯಾವ ಜೀವಕೋಶಕ್ಕೂ ಒಂದು ಹೆಜ್ಜೆ ಮುಂದಿಡಲಾಗದು. ಕೋಶ ಹೊರಗಿನಿಂದ ಒಂದು ವಿಟಮಿನ್ ಒಳಗೆಳೆದುಕೊಂಡು, ಐದು ಹಂತಗಳಲ್ಲಿ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮೊದಲ ಹಂತವನ್ನೇ ಒಂದು ಮದ್ದಿನಿಂದ ಕಟ್ಟಿಹಾಕಿದರೆ ನಾಲ್ಕು ದಿನದಲ್ಲಿ ಕೋಶಗಳು ಸಾಯುತ್ತವೆ. ಹಾಗಾದರೆ ತಯಾರಾದ ಕೋಎನ್‌ಜೈಮನ್ನೇ ಹೊರಗಿನಿಂದ ಕೊಟ್ಟರೆ? "ಒಳಗೆ ಹೋಗುವುದಿಲ್ಲ. ಅಣು ದೊಡ್ಡದು, ಕೋಶದ ಪೊರೆ ಬಿಡುವುದಿಲ್ಲ. ಬರೆದುಕೊಳ್ಳಿ," ಎಂದು ಪ್ರೊಫೆಸರರು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಿದ್ದರು. ಇಪ್ಪತ್ತು ತಂಡದ ವಿದ್ಯಾರ್ಥಿಗಳು ಬರೆದುಕೊಂಡಿದ್ದರು. ಸಾಸಿವೆಯೂ ತನ್ನ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಅದನ್ನೇ ಬರೆದಿದ್ದಳು. ಪರೀಕ್ಷಕರೊಬ್ಬರು ಮಾತ್ರ "ಇದನ್ನು ನೀವು ಮಾಡಿ ನೋಡಿದ್ದೀರಾ?" ಎಂದು ಅಂಚಿನಲ್ಲಿ ಗೀಚಿ ಕಳಿಸಿದ್ದರು.

"ಯಾರೂ ಮಾಡಿ ನೋಡಿಲ್ಲ, ಯಾಕಂದ್ರೆ ಎಲ್ಲರಿಗೂ ಗೊತ್ತು," ಎಂದು ಸಾಸಿವೆ ಸಿಡಿದಳು. "ಚಿಕ್ಕಮ್ಮ, ಮೂರು ಪ್ಲೇಟು ಹಾಕಿಬಿಡು. ಒಂದು ಬರೀ ಸೆಲ್ಸು. ಎರಡನೇದು ಮದ್ದು. ಮೂರನೇದು ಮದ್ದು, ಜೊತೆಗೆ ಕೋಎನ್‌ಜೈಮು. ಎರಡನೇದು, ಮೂರನೇದು ಎರಡೂ ಸಾಯ್ತವೆ. ಫೋಟೋ ತೆಗೆದು ಆ ಮಹಾನುಭಾವರಿಗೆ ಕಳಿಸಿ ಮುಗಿಸೋಣ."

ಚಿಕ್ಕಮ್ಮ ಗುರುವಾರ ಪ್ಲೇಟು ಹಾಕಿದಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಬಣ್ಣ. ಕೋಶಗಳು ಚೆನ್ನಾಗಿ ಉಂಡು ಬೆಳೆದರೆ ಗುಲಾಬಿ ದ್ರವ ಹಳದಿಗೆ ತಿರುಗುತ್ತದೆ. ಸತ್ತರೆ ಗುಲಾಬಿ ಗುಲಾಬಿಯಾಗಿಯೇ ಉಳಿಯುತ್ತದೆ. ಒಂದನೇ ಪ್ಲೇಟು ಹಳದಿ. ಎರಡನೆಯದು ಗುಲಾಬಿ. ಮೂರನೆಯದು ಹಳದಿ.

ಅವಳು ಬಾಗಿಲು ಮುಚ್ಚಿದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ತೆರೆದಳು. ಮೂರನೆಯದು ಈಗಲೂ ಹಳದಿ.

ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ ಕೋಶಗಳು ತಳಕ್ಕೆ ಅಂಟಿಕೊಂಡು, ಕೈಕಾಲು ಚಾಚಿ, ಒಂದರ ಪಕ್ಕ ಒಂದು ಆರಾಮವಾಗಿ ಮಲಗಿದ್ದವು. ಒಂದೆರಡು ದುಂಡಗಾಗಿ, ಎರಡಾಗಿ ಒಡೆಯುವ ಸನ್ನಾಹದಲ್ಲಿದ್ದವು. ಸಾಯುವುದಿರಲಿ, ಸಂಸಾರ ಬೆಳೆಸುತ್ತಿದ್ದವು! ಚಿಕ್ಕಮ್ಮನಿಗೆ ಹೊಟ್ಟೆಯೊಳಗಿಂದ ನಗು ಎದ್ದಿತು. ಖಾಲಿ ಕೋಣೆಯಲ್ಲಿ ಒಬ್ಬಳೇ ಸ್ಟೂಲಿನ ಮೇಲೆ ಕೂತು ನಕ್ಕಳು. ಸಾಸಿವೆ ಬಂದು ಚೀಲ ಹೆಗಲಿಂದ ಇಳಿಸುವ ಮೊದಲೇ ಚಿಕ್ಕಮ್ಮನಿಗೆ ಬಿಕ್ಕಳಿಕೆ ಶುರುವಾಗಿತ್ತು.

"ಬದುಕಿವೆ ಕಣೇ! ಹಿಕ್! ಮೂರನೇದು... ಹಿಕ್!"

ಸಾಸಿವೆ ನೋಡಿದಳು. ಅವಳ ಮುಖ ಪೆಚ್ಚಾಯಿತು. "ಚಿಕ್ಕಮ್ಮ, ನೀನು ಪ್ಲೇಟು ಅದಲು ಬದಲು ಮಾಡಿದ್ದೀಯ."

"ನಾನಾ?"

"ಇಲ್ಲಾಂದ್ರೆ ಮದ್ದು ಹಾಕೋದು ಮರೆತಿದ್ದೀಯ. ಇದು ನಿಜ ಆದ್ರೆ ನನ್ನ ನಾಲ್ಕನೇ ಅಧ್ಯಾಯ ಕಸದ ಬುಟ್ಟಿಗೆ ಹೋಗುತ್ತೆ. ನಗ್ತಾ ಇದ್ದೀಯಲ್ಲ!"

ಚಿಕ್ಕಮ್ಮನ ಬಿಕ್ಕಳಿಕೆ ತಟ್ಟನೆ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯನ್ನು ಯಾರೂ ಹಾಗೆ ಅನುಮಾನಿಸಿರಲಿಲ್ಲ. ತಾನು ಎತ್ತಿ ಆಡಿಸಿದ ಹುಡುಗಿ ಅನುಮಾನಿಸಿದ್ದು ಇನ್ನೂ ಚುಚ್ಚಿತು.

ಜಗಳ ಪ್ರೊಫೆಸರರ ಕೋಣೆಗೆ ಹೋಯಿತು. ಅವರು ಎರಡೂ ಕಡೆ ಕೇಳಿ, ಮೂಗಿನ ತುದಿ ತುರಿಸಿಕೊಂಡರು. "ಮತ್ತೆ ಮಾಡೋಣ. ಮದ್ದು, ಕೋಎನ್‌ಜೈಮು ನಾನೇ ಹಾಕ್ತೀನಿ. ಪ್ಲೇಟಿನ ಮೇಲೆ ಬರೀ ಅಂಕಿ ಬರೀತೀನಿ. ಯಾವ ಅಂಕಿ ಯಾವುದು ಅನ್ನೋ ಚೀಟಿ ನನ್ನ ಜೇಬಲ್ಲಿರುತ್ತೆ. ಶುಕ್ರವಾರ ನೋಡೋಣ."

ಶುಕ್ರವಾರ ಮೂವರೂ ಇನ್‌ಕ್ಯುಬೇಟರಿನ ಮುಂದೆ ನಿಂತರು. ಮೂರು ಪ್ಲೇಟಿನಲ್ಲಿ ಎರಡು ಹಳದಿ, ಒಂದು ಗುಲಾಬಿ. ನಾಲ್ಕು ಮತ್ತು ಏಳನೇ ಅಂಕಿಯವು ಬದುಕಿದ್ದವು, ಒಂಬತ್ತನೇ ಅಂಕಿಯದು ಸತ್ತಿತ್ತು.

"ಚೀಟಿ, ಸರ್," ಎಂದಳು ಸಾಸಿವೆ.

ಪ್ರೊಫೆಸರರು ಜೇಬಿಗೆ ಕೈ ಹಾಕಿದರು. ಇನ್ನೊಂದು ಜೇಬಿಗೆ ಹಾಕಿದರು. ಕೋಟಿನ ಜೇಬಿನಿಂದ ಎರಡು ಸೀಮೆಸುಣ್ಣ, ಒಂದು ಗುಂಡಿ ಬಂದವು. ಆಮೇಲೆ ಅವರ ಮುಖ ಬಿಳುಚಿಕೊಂಡಿತು. "ಸೋಮವಾರ ಹಾಕಿದ್ದು ನೀಲಿ ಶರಟು," ಎಂದರು ಮೆಲ್ಲಗೆ. "ಅದು ಒಗೆಯೋಕೆ ಹೋಯ್ತು."

ಮನೆಗೆ ಫೋನು ಮಾಡಿ ಮೇಜಿನ ಮೇಲಿಟ್ಟರು. ಆ ಕಡೆಯಿಂದ ಅವರ ಹೆಂಡತಿಯ ದನಿ ಕೋಣೆಯನ್ನೆಲ್ಲ ತುಂಬಿತು.

"ಮೂವತ್ತು ವರ್ಷ ಆಯ್ತು, ನಿಮ್ಮ ಜೇಬು ನೋಡ್ದೆ ನಾನು ಒಂದು ಶರಟಾದ್ರೂ ಒಗೆದಿದ್ದೀನಾ? ತೆಗೆದಿಟ್ಟಿದ್ದೀನಿ. ಇರಿ, ಓದ್ತೀನಿ. ನಾಲ್ಕು, ಬರೀ ಸೆಲ್ಸು. ಒಂಬತ್ತು, ಮದ್ದು. ಏಳು, ಮದ್ದು ಮತ್ತೆ ಕೋ... ಕೋ... ಕೋತಿನಾ ಇದು? ಏನ್ರೀ ಇದು ಅಕ್ಷರ!"

"ಕೋಎ! ಕೋಎನ್‌ಜೈಮ್ ಎ ಕಣೇ!" ಎಂದು ಪ್ರೊಫೆಸರರು ಕೂಗಿದರು.

"ಕೋತಿಗೆ ಮದ್ದು ಯಾಕೆ ಹಾಕಿದ್ರಿ?"

ಅಷ್ಟೇ. ಚಿಕ್ಕಮ್ಮ ಗೋಡೆಗೆ ಒರಗಿ ನಗುತ್ತಾ ಕುಸಿದಳು. ಸಾಸಿವೆ ಬಾಯಿಗೆ ಕೈ ಅಡ್ಡ ಹಿಡಿದಳು, ಕೈಯ ಸಂದಿಯಿಂದ ನಗು ಚಿಮ್ಮಿತು. ಇಪ್ಪತ್ತು ವರ್ಷ "ಒಳಗೆ ಹೋಗುವುದಿಲ್ಲ" ಎಂದು ಹೇಳಿದ ಪ್ರೊಫೆಸರರು ಏಳನೇ ಪ್ಲೇಟನ್ನು ಬೆಳಕಿಗೆ ಹಿಡಿದು, ಹೊಟ್ಟೆ ಕುಲುಕಿಸಿ ನಗತೊಡಗಿದರು. "ಹೋಗಿದೆ! ಒಳಗೆ ಹೋಗಿದೆ!" ಎನ್ನುತ್ತಾ ಅವರು ಮೇಜನ್ನು ಒಂದು ಸುತ್ತು ಹಾಕಿದರು. ಫೋನಿನಲ್ಲಿ ಹೆಂಡತಿ "ಯಾರು ಒಳಗೆ ಹೋದ್ರು? ರೀ, ಯಾರು ಹೋದ್ರು?" ಎಂದು ಕೇಳುತ್ತಲೇ ಇದ್ದರು.

ಸಾಸಿವೆ ಕಣ್ಣೊರೆಸಿಕೊಂಡು ಬಂದು ಚಿಕ್ಕಮ್ಮನ ಕೈ ಹಿಡಿದಳು. "ತಪ್ಪಾಯ್ತು ಚಿಕ್ಕಮ್ಮ."

"ಹೋಗೇ, ಹಿಕ್!" ಎಂದಳು ಚಿಕ್ಕಮ್ಮ.

ಆದರೆ ಆ ಸಂಭ್ರಮ ಒಂದು ವಾರವೂ ಬಾಳಲಿಲ್ಲ. ಮೂರನೇ ಸಲ ಸಾಸಿವೆ ಎಲ್ಲವನ್ನೂ ತಾನೇ ಕೈಯಾರೆ ಮಾಡಿದಳು. ದ್ರವ ಬೆರೆಸಿದಳು, ಸೀರಮ್ ಹಾಕಿದಳು, ಮದ್ದು ಹಾಕಿದಳು, ಕೋಎನ್‌ಜೈಮ್ ಹಾಕಿದಳು. ನಾಲ್ಕು ದಿನದ ಮೇಲೆ ನೋಡಿದರೆ ಮೂರನೇ ಪ್ಲೇಟು ಗುಲಾಬಿ. ಕೋಶಗಳು ತಳ ಬಿಟ್ಟು ಪುಡಿಪುಡಿಯಾಗಿ ತೇಲುತ್ತಿದ್ದವು. ಮತ್ತೊಮ್ಮೆ ಮಾಡಿದಳು. ಮತ್ತೂ ಗುಲಾಬಿ.

"ನೀನು ಮಾಡಿದ್ರೆ ಬದುಕ್ತವೆ, ನಾನು ಮಾಡಿದ್ರೆ ಸಾಯ್ತವೆ," ಎಂದಳು. ಈ ಸಲ ಸಿಡಿಯಲಿಲ್ಲ. ಸೋತ ದನಿಯಲ್ಲಿ ಕೇಳಿದಳು, "ನೀನು ಏನಾದ್ರೂ ಬೇರೆ ಥರ ಮಾಡಿದ್ಯಾ ಚಿಕ್ಕಮ್ಮ?"

"ಇಲ್ಲಪ್ಪ, ಎಲ್ಲ ಯಾವಾಗ್ಲೂ ಮಾಡೋ ಹಾಗೇ," ಎಂದಳು ಚಿಕ್ಕಮ್ಮ. ಹೇಳುತ್ತಲೇ ಅವಳ ಕಣ್ಣು ಕಿಟಕಿಯ ಪಕ್ಕದ ವಾಟರ್ ಬಾತಿನ ಕಡೆ ಹೋಯಿತು. ಸ್ಟೀಲಿನ ಆ ಬಿಸಿನೀರಿನ ತೊಟ್ಟಿ ಮುಚ್ಚಳದ ಸಂದಿಯಿಂದ ಸಣ್ಣಗೆ ಹಬೆ ಬಿಡುತ್ತಿತ್ತು. ಆಗ ಅವಳಿಗೆ ನೆನಪಾಯಿತು.

ಪ್ರಯೋಗಾಲಯದಲ್ಲಿ ನಿಯಮವೊಂದಿತ್ತು. ಸೀರಮ್ ಎಂದರೆ ಕರುವಿನ ರಕ್ತದಿಂದ ತೆಗೆದ ತಿಳಿ. ಕೋಶಗಳ ಊಟಕ್ಕೆ ಅದನ್ನು ಬೆರೆಸುವ ಮೊದಲು ಬಾಟಲಿಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ಇಡಲೇಬೇಕು. ಆ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳೂ ಚಿಕ್ಕಮ್ಮನೇ. ಆದರೆ ಆ ಗುರುವಾರ ವಾಟರ್ ಬಾತ್ ಕೆಟ್ಟಿತ್ತು. ರಿಪೇರಿಯವನು ನಾಳೆ, ನಾಡಿದ್ದು ಎನ್ನುತ್ತ ಹತ್ತು ದಿನ ಎಳೆದಿದ್ದ. ಒಂದು ಬಾಟಲಿಗೇನು, ಕೋಶಗಳೇನೂ ಗೊಣಗುವುದಿಲ್ಲ ಎಂದುಕೊಂಡು ಚಿಕ್ಕಮ್ಮ ಬಿಸಿ ಮಾಡದೆಯೇ ಬಳಸಿದ್ದಳು. ಪ್ರೊಫೆಸರರ ಅಂಕಿ ಪ್ಲೇಟುಗಳಿಗೂ ಅವಳು ಹಾಕಿದ್ದು ಅದೇ ಬಾಟಲಿಯ ಸೀರಮ್. ಸಾಲದ್ದಕ್ಕೆ, ಕೈ ಅಭ್ಯಾಸದಲ್ಲಿ ಎರಡು ಸಲವೂ ರಿಜಿಸ್ಟರಿನಲ್ಲಿ "ಬಿಸಿ ಮಾಡಿದೆ" ಎಂದು ಬರೆದು ಸಹಿಯನ್ನೂ ಹಾಕಿದ್ದಳು.

ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅನುಮಾನಿಸಿದ ಹುಡುಗಿಯಿಂದ ತಪ್ಪಾಯ್ತು ಎನ್ನಿಸಿಕೊಂಡ ಮೇಲೆ ನಾನೇ ಸುಳ್ಳು ಬರೆದವಳು ಎಂದು ಹೇಳುವುದೇ? ಚಿಕ್ಕಮ್ಮ ತಲೆನೋವೆಂದು ಬೇಗ ಮನೆಗೆ ಹೊರಟಳು.

ಮನೆಯಲ್ಲಿ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಬಿಡಿಸುತ್ತಿದ್ದರು. ಚಿಕ್ಕಮ್ಮನೂ ಎದುರಿಗೆ ಕೂತು ಕೈ ಹಾಕಿದಳು. ಅತ್ತೆಯವರು ಕೆಲಸದಿಂದ ನಿವೃತ್ತರಾಗುವ ತನಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದವರು. ಕಣ್ಣು ಸ್ವಲ್ಪ ಮಂದವಾಗಿದ್ದರೂ ಕಿವಿ ಮಾತ್ರ ಚೂರಿಯಂತಿತ್ತು.

"ಹೇಗಿತ್ತು ಇವತ್ತು?" ಎಂದರು.

"ಚೆನ್ನಾಗಿತ್ತು, ಅತ್ತೆ."

ಅತ್ತೆ ಸಿಪ್ಪೆ ಬದಿಗಿಟ್ಟರು. "ಎಷ್ಟು ಸಾವಿರ ಜನ ನನ್ನ ಕಿವಿಯಲ್ಲಿ 'ಚೆನ್ನಾಗಿದ್ದೀನಿ' ಅಂದಿದ್ದಾರೆ ಗೊತ್ತಾ? ಚೆನ್ನಾಗಿರೋರು ಅಷ್ಟು ಬೇಗ ಹೇಳಲ್ಲ. ಏನು ಮುಚ್ಚಿಟ್ಟಿದ್ದೀಯ?"

ಚಿಕ್ಕಮ್ಮ ಎಲ್ಲ ಹೇಳಿಬಿಟ್ಟಳು. ಹೇಳುವಾಗ ಬಟಾಣಿ ಸಿಪ್ಪೆಯನ್ನು ಬಟ್ಟಲಿಗೂ ಕಾಳನ್ನು ಕಸಕ್ಕೂ ಹಾಕುತ್ತಿದ್ದಳು. ಅತ್ತೆ ಅದನ್ನು ನೋಡುತ್ತಲೇ ತಮ್ಮ ಕಾಳು ಬಿಡಿಸಿದರು.

"ಅಂದ್ರೆ," ಎಂದರು ಕೊನೆಗೆ, "ನೀನು ಬಿಸಿ ಮಾಡ್ದೆ ಇದ್ದಾಗ ಬದುಕಿದವು. ಆ ಹುಡುಗಿ ಬಿಸಿ ಮಾಡಿದ್ರೆ ಸಾಯ್ತಾ ಇವೆ."

"ಹೂಂ."

"ಮತ್ತೆ ಅಳೋ ಮುಖ ಯಾಕೆ? ಗುಟ್ಟು ನಿನ್ನ ಹತ್ರ ಇದೆ. ಆ ಮಗು ಅಲ್ಲಿ ತಲೆ ಚಚ್ಚಿಕೊಳ್ತಾ ಇದೆ. ನಿನ್ನ ಮಾನ ಹೋಗುತ್ತೆ ಅಂತ ಅದರ ಆರು ವರ್ಷ ನೀರಿಗೆ ಹಾಕ್ತೀಯಾ? ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು." ಆಮೇಲೆ ಸ್ವಲ್ಪ ಬಾಗಿ, "ಕಸದಿಂದ ಆ ಕಾಳು ಆರಿಸು ಮೊದಲು," ಎಂದರು.

ಮರುದಿನ ಬೆಳಿಗ್ಗೆ ಪ್ರೊಫೆಸರರ ಕೋಣೆಯಲ್ಲಿ ಚಿಕ್ಕಮ್ಮ ರಿಜಿಸ್ಟರ್ ತೆರೆದು ತನ್ನ ಸಹಿಯ ಮೇಲೆ ಬೆರಳಿಟ್ಟಳು. "ಇದು ಸುಳ್ಳು, ಸರ್. ನಾನು ಬಿಸಿ ಮಾಡಿರಲಿಲ್ಲ. ಎರಡು ಸಲವೂ."

ಸಾಸಿವೆ ಬಾಯಿ ತೆರೆದಳು. ಅವಳ ಕಿವಿ ಕೆಂಪಾಗುತ್ತಿದ್ದದ್ದನ್ನು ನೋಡಿ ಚಿಕ್ಕಮ್ಮ, ಈಗ ಸಿಡಿಯುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡಳು. ಆದರೆ ಸದ್ದು ಬಂದದ್ದು ಮೇಜಿನ ಆ ಕಡೆಯಿಂದ. ಪ್ರೊಫೆಸರರು ಎರಡೂ ಕೈಯಿಂದ ಮೇಜು ಬಡಿದಿದ್ದರು.

"ಬಿಸಿ ಮಾಡಿರಲಿಲ್ಲ!"

"ಇಲ್ಲ, ಸರ್. ನೀವು ನನ್ನನ್ನ—"

"ಚಿಕ್ಕಮ್ಮನವರೇ, ಬಿಸಿ ಮಾಡಿದ್ರೆ ಏನು ಸಾಯುತ್ತೆ ಹೇಳಿ? ಎನ್‌ಜೈಮು! ಸೀರಮ್ಮಿನಲ್ಲಿ ಏನೋ ಒಂದು ಎನ್‌ಜೈಮ್ ಇದೆ. ಕತ್ತರಿ ಇದ್ದ ಹಾಗೆ. ಅದು ಕೋಎನ್‌ಜೈಮನ್ನ ಹೊರಗಡೆಯೇ ಕತ್ತರಿಸ್ತಾ ಇದೆ. ದೊಡ್ಡದು ಒಳಗೆ ಹೋಗ್ತಾ ಇಲ್ಲ. ತುಂಡು ಹೋಗ್ತಾ ಇದೆ!" ಅವರು ಎದ್ದು ಹಲಗೆಯ ಕಡೆ ಓಡಿದರು. ಅವರು ಓಡುವುದನ್ನು ಇಬ್ಬರೂ ಅದುವರೆಗೆ ನೋಡಿರಲಿಲ್ಲ. ಹಲಗೆಯ ಮೇಲೆ ಐದು ಮೆಟ್ಟಿಲು ಬರೆದು ಮೊದಲನೆಯದಕ್ಕೆ ಅಡ್ಡಗೆರೆ ಎಳೆದರು. "ಇಲ್ಲಿ ನಾವು ಮದ್ದಿನಿಂದ ದಾರಿ ಕಟ್ಟಿದ್ದೀವಿ. ಆದ್ರೆ ಈ ತುಂಡು ಕೆಳಗಿಂದ ಹತ್ತೋದೇ ಇಲ್ಲ. ಬಂದು ನೇರ ಮೂರನೇ ಮೆಟ್ಟಿಲ ಮೇಲೆ ಇಳಿಯುತ್ತೆ. ಅಲ್ಲಿಂದ ಎರಡೇ ಮೆಟ್ಟಿಲು. ಒಳಗೆ ಮತ್ತೆ ಕೋಎನ್‌ಜೈಮ್ ತಯಾರು!"

ಸಾಸಿವೆಯ ತೆರೆದ ಬಾಯಿ ತೆರೆದೇ ಇತ್ತು. ಬೈಯಲೆಂದು ಎಳೆದುಕೊಂಡ ಉಸಿರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ "ಅಯ್ಯೋ" ಎಂಬ ಒಂದು ಉದ್ದನೆಯ ಸಿಳ್ಳಾಗಿ ಹೊರಬಂತು.

"ಅಂದ್ರೆ ನನ್ನ ನಾಲ್ಕನೇ ಅಧ್ಯಾಯ?"

"ಕಸದ ಬುಟ್ಟಿಗೆ!" ಎಂದರು ಪ್ರೊಫೆಸರರು ಪರಮಾನಂದದಿಂದ. "ನನ್ನ ಇಪ್ಪತ್ತು ವರ್ಷದ ಪಾಠದ ಜೊತೆಗೆ!" ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ದನಿ ತಗ್ಗಿಸಿ, "ರಿಜಿಸ್ಟರಿನಲ್ಲಿ ಇನ್ನು ಮೇಲೆ ಸುಳ್ಳು ಬರೆಯಬೇಡಿ," ಎಂದರು. ಚಿಕ್ಕಮ್ಮ ತಲೆ ತಗ್ಗಿಸಿ ಪೆನ್ನು ತೆಗೆದು, ಎರಡು ಸಾಲನ್ನೂ ಹೊಡೆದುಹಾಕಿ ಪಕ್ಕದಲ್ಲಿ ನಿಜ ಬರೆದಳು.

ಊಹೆ ಊಹೆಯೇ. ಅದನ್ನು ತೋರಿಸಿಕೊಡಲು ಏಳು ವಾರ ಹಿಡಿಯಿತು. ಬಿಸಿ ಮಾಡಿದ ಸೀರಮ್ಮಿನಲ್ಲಿ ಕೋಎನ್‌ಜೈಮ್ ಹಾಕಿಟ್ಟರೆ ಹಾಗೇ ಉಳಿಯುತ್ತಿತ್ತು. ಬಿಸಿ ಮಾಡದ್ದರಲ್ಲಿ ಕೆಲವೇ ಗಂಟೆಗಳಲ್ಲಿ ಮಾಯವಾಗಿ, ಅದರ ಜಾಗದಲ್ಲಿ ಒಂದು ಚಿಕ್ಕ ತುಂಡು ಕಾಣಿಸುತ್ತಿತ್ತು. ಅಣುಗಳನ್ನು ತೂಗುವ ಯಂತ್ರ ಕೆಳಗಿನ ಮಹಡಿಯಲ್ಲಿತ್ತು. ಸಾಸಿವೆ ಪ್ರತಿ ಸಲ ಫಲಿತಾಂಶದ ಹಾಳೆ ಹಿಡಿದುಕೊಂಡು ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಬರುತ್ತಿದ್ದಳು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾದದ್ದು. ಸೀರಮ್ ಬಿಸಿ ಮಾಡಿ ಕತ್ತರಿಯನ್ನು ಕೊಂದುಬಿಡಬೇಕು. ಮದ್ದು ಹಾಕಿ ಕೋಶದ ದಾರಿ ಕಟ್ಟಬೇಕು. ಆಮೇಲೆ ಕೋಎನ್‌ಜೈಮಿನ ಬದಲು ಆ ಚಿಕ್ಕ ತುಂಡನ್ನೇ ಕೊಡಬೇಕು. ಅದು ತಾನಾಗಿ ಒಳಗೆ ಹೋಗುವುದಾದರೆ ಕೋಶ ಬದುಕಬೇಕು. ಪಕ್ಕದ ಕಟ್ಟಡದ ರಸಾಯನಶಾಸ್ತ್ರದವರು ಆ ತುಂಡನ್ನು ತಯಾರಿಸಿ ಚಿಟಿಕೆಯಷ್ಟು ಬಿಳಿ ಪುಡಿ ಕಳಿಸಿದರು. ಪ್ಲೇಟು ಹಾಕುವ ದಿನ ಸಾಸಿವೆ ಪಿಪೆಟ್ಟನ್ನು ಚಿಕ್ಕಮ್ಮನ ಕಡೆ ಚಾಚಿದಳು.

"ನೀನೇ ಹಾಕು."

"ಯಾಕೆ, ನಿನ್ನ ಕೈ ಇಲ್ವಾ?"

"ಇದೆ. ಆದ್ರೆ ನಿನ್ನ ಕೈ ಮೇಲೆ ನನಗೆ ನಂಬಿಕೆ."

ಚಿಕ್ಕಮ್ಮ ಕೈಗವಸು ಹಾಕಿಕೊಂಡು, ಉಸಿರು ಹಿಡಿದು, ಹನಿ ಹನಿಯಾಗಿ ಹಾಕಿದಳು.

ನಾಲ್ಕನೇ ದಿನ ಮಧ್ಯಾಹ್ನ ಪ್ರೊಫೆಸರರ ಹೆಂಡತಿಯೂ ಬಂದಿದ್ದರು. ಕೋತಿಯ ಗತಿ ಏನಾಯಿತೆಂದು ನೋಡಲೇಬೇಕು ಎಂದು ಹಟ ಹಿಡಿದು ಬಂದದ್ದು. ಸಾಸಿವೆ ಇನ್‌ಕ್ಯುಬೇಟರಿನ ಹಿಡಿ ಹಿಡಿದುಕೊಂಡು ನಿಂತಳೇ ಹೊರತು ತೆಗೆಯಲಿಲ್ಲ. "ನನಗಾಗಲ್ಲ," ಎಂದಳು. ಚಿಕ್ಕಮ್ಮ ಅವಳ ಕೈಯ ಮೇಲೆ ಕೈ ಇಟ್ಟು ಎಳೆದಳು.

ಹಳದಿ. ಬಿಸಿಲಿಗೆ ಹಿಡಿದ ನಿಂಬೆಹಣ್ಣಿನಂತಹ ಹಳದಿ.

ಆಮೇಲೆ ಅಲ್ಲಿ ಯಾರು ಏನು ಮಾಡಿದರೆಂದು ಕ್ರಮವಾಗಿ ಹೇಳುವುದು ಕಷ್ಟ. ಸಾಸಿವೆ ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಬೆಂಕಿ ಬಿದ್ದಿದೆಯೆಂದು ಮೆಟ್ಟಿಲಿಳಿದು ಹೊರಗೋಡಿದರು. ಪ್ರೊಫೆಸರರು ಹೆಂಡತಿಯ ಎರಡೂ ಕೈ ಹಿಡಿದು ತಿರುಗಲು ಹೋಗಿ ಸ್ಟೂಲಿಗೆ ಎಡವಿದರು. "ಬಿಡ್ರೀ, ಜನ ನೋಡ್ತಾರೆ," ಎನ್ನುತ್ತಾ ಆಕೆಯೂ ಒಂದು ಸುತ್ತು ತಿರುಗಿದರು. ಚಿಕ್ಕಮ್ಮ ಮಾತ್ರ ಮೈಕ್ರೋಸ್ಕೋಪಿನ ಮುಂದೆ ಕೂತು ತನ್ನ ಕೋಶಗಳನ್ನು ನೋಡಿದಳು. ಅವು ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದವು. ದಾರಿ ಇಲ್ಲ ಎಂದು ದೊಡ್ಡವರೆಲ್ಲ ಹೇಳುತ್ತಿದ್ದಾಗಲೂ ಅವು ಸುಮ್ಮನೆ ಸಿಕ್ಕಿದ್ದನ್ನು ಒಳಗೆ ತೆಗೆದುಕೊಂಡಿದ್ದವು. ಅವಳ ಕಣ್ಣು ತುಂಬಿ, ಮಸೂರವೆಲ್ಲ ಮಬ್ಬಾಯಿತು.

ಸಾಸಿವೆಗೆ ಪ್ರಬಂಧ ಹೊಸದಾಗಿ ಬರೆಯಲು ಇನ್ನೊಂದು ವರ್ಷ ಬೇಕು ಎಂದು ಅಂದೇ ಲೆಕ್ಕವಾಯಿತು. ಅವಳು ಅದನ್ನು ಬಹುಮಾನ ಬಂದವಳಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಪರೀಕ್ಷಕರಿಗೆ ಬರೆದ ಉತ್ತರದಲ್ಲಿ ಒಂದೇ ಸಾಲಿತ್ತು: ಮಾಡಿ ನೋಡಿದೆವು, ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಪ್ರಕಟಿಸುವ ಲೇಖನಕ್ಕೆ ಲೇಖಕರ ಹೆಸರು ಹಾಕುವಾಗ ಪ್ರೊಫೆಸರರು ಚಿಕ್ಕಮ್ಮನ ನಿಜವಾದ ಹೆಸರೇನೆಂದು ಕೇಳಬೇಕಾಗಿ ಬಂದು ನಾಚಿಕೊಂಡರು.

ಆ ಹಳದಿ ಕಂಡ ದಿನದ ಸಂಜೆ ಚಿಕ್ಕಮ್ಮನೂ ಸಾಸಿವೆಯೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೊರಟರು. ಪ್ರೊಫೆಸರರು ಎಡವಿದ ಬಗೆಯನ್ನು ಸಾಸಿವೆ ಕೂತಲ್ಲೇ ಮಾಡಿ ತೋರಿಸಿದಳು. ಚಿಕ್ಕಮ್ಮ ನಗಬೇಡ, ನಗಬೇಡ ಎಂದು ತನಗೆ ತಾನೇ ಹೇಳಿಕೊಂಡು ಮತ್ತಷ್ಟು ನಕ್ಕಳು. ಇಬ್ಬರೂ ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತು, ದೀಪ ಆರಿ, ಕಂಡಕ್ಟರ್ ಬಂದು ಎದುರಿಗೆ ನಿಂತ.

"ಎಲ್ಲಿಗೆ ಹೋಗ್ಬೇಕಮ್ಮ ನೀವು?"

"ಒಳಗೆ," ಎಂದಳು ಸಾಸಿವೆ.

ಕಂಡಕ್ಟರನಿಗೆ ಏನೂ ಅರ್ಥವಾಗಲಿಲ್ಲ. ಚಿಕ್ಕಮ್ಮ ಕಿಟಕಿಯ ಸರಳು ಹಿಡಿದುಕೊಂಡು, ನಕ್ಕು ನಕ್ಕು ಕೆನ್ನೆಯ ಮೇಲೆ ಕಣ್ಣೀರಿಳಿಸುತ್ತಾ, ಹಿಂದಕ್ಕೆ ಹೋಗುವ ಬಸ್ಸಿಗೆ ಎರಡು ಟಿಕೆಟ್ ಬೇಕೆಂದು ಎರಡು ಬೆರಳು ಎತ್ತಿ ತೋರಿಸಿದಳು.